ಬದಿಗಿಟ್ಟ ಒಂಬತ್ತು ಪೆಟ್ಟಿಗೆ

ಜೇನು ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲು ಅವರು ಬೆರಳಿನ ಗೆಣ್ಣಿನಿಂದ ಹಲಗೆಗೆ ಒಮ್ಮೆ ಬಡಿದು, ಟೊಪ್ಪಿ ಹಿಂದೆ ಸರಿಸಿ, ಕಿವಿ ಇಟ್ಟು ಕೇಳುತ್ತಿದ್ದರು. ಒಳಗಿನಿಂದ ಸ್ಸ್ ಎಂಬ ಸದ್ದು ಒಂದೇ ಸಲ ಎದ್ದು ಒಂದೇ ಸಲ ಅಡಗಿದರೆ ಮುಚ್ಚಳ ಮುಟ್ಟುತ್ತಲೇ ಇರಲಿಲ್ಲ. "ಒಳಗೆ ಸುಖ ಉಂಟು. ನಾವು ಯಾಕೆ ಹೋಗಿ ಉಪದ್ರ ಕೊಡುದು?" ಎಂದು ಮುಂದಿನ ಪೆಟ್ಟಿಗೆಗೆ ಹೋಗುತ್ತಿದ್ದರು. ನಾನು ಜೇನು ಸಾಕಲು ಕಲಿತದ್ದು ಅವರಿಂದಲೇ. ಈ ಒಂದು ಪಾಠ ಮಾತ್ರ ನನ್ನ ತಲೆಗೆ ಹೋಗಲಿಲ್ಲ.

ಅವರು ತೀರಿಕೊಂಡು ಎರಡು ತಿಂಗಳಾಯಿತು. ಪುತ್ತೂರು, ಸುಳ್ಯ, ಕಡಬದ ನಲವತ್ತೆರಡು ಮನೆಯವರು ಸೇರಿ ಮಾಡಿಕೊಂಡ ನಮ್ಮ ಜೇನು ಸಾಕುವವರ ಗುಂಪಿಗೆ ನಾನು ಕಾರ್ಯದರ್ಶಿ. ಅವರ ಬಗ್ಗೆ ಎರಡು ಪುಟ ಬರೆಯುವ ಕೆಲಸ ನನ್ನ ತಲೆಗೇ ಬಂತು. "ಸಾಧನೆ, ಪ್ರಶಸ್ತಿ ಎಲ್ಲ ಹಾಕಿ ಟೀಚರೆ" ಎಂದರು ನಮ್ಮ ಅಧ್ಯಕ್ಷರು. ಪ್ರಶಸ್ತಿ ಎಲ್ಲಿಂದ ತರಲಿ? ಅವರಿಗೆ ಫೋಟೋ ತೆಗೆಸಿಕೊಳ್ಳುವುದೇ ಆಗಿಬರುತ್ತಿರಲಿಲ್ಲ. ಹೆಸರು ಕೂಡ ಹಾಕುವುದಿಲ್ಲ. ನಮಗೆಲ್ಲ ಅವರು ಕಾಕ, ಅಷ್ಟೇ.

ಕಾಕ ಬ್ಯಾರಿ ಮನೆತನದವರು. ಕಡಬದ ಪೇಟೆಯಲ್ಲಿ ಕೊಡೆ, ಬ್ಯಾಗು ರಿಪೇರಿಯ ಸಣ್ಣ ಅಂಗಡಿ. ಅದಕ್ಕೂ ಮೊದಲು ಗಲ್ಫಿನಲ್ಲಿ ಹನ್ನೊಂದು ವರ್ಷ ಒಂದು ಗೋದಾಮು ನೋಡಿಕೊಂಡಿದ್ದರು. ಅಂಗಡಿಯ ಹಿಂದೆ ಇಪ್ಪತ್ತು ಚಿಲ್ಲರೆ ತುಡುವೆ ಜೇನಿನ ಪೆಟ್ಟಿಗೆಗಳು. ಕೊಡೆ ಹಿಡಿದುಕೊಂಡು ಬಂದವರು ಜೇನು ನೋಡುತ್ತ ನಿಂತು ಕೊಡೆ ಬಿಟ್ಟು ಹೋಗುವುದು ಅಲ್ಲಿ ಮಾಮೂಲು. ನಾನು ಬೆಟ್ಟಂಪಾಡಿಯವಳು, ಪುತ್ತೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕೊನೆಯ ವರ್ಷದವರಿಗೆ ಕೇಯಾಸ್ ಥಿಯರಿಯೂ ನನ್ನದೇ ಪಾಠ. ಸಂಕೀರ್ಣ ವ್ಯವಸ್ಥೆಗಳೆಂದರೆ ನನಗೆ ಜೀವ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ವಿಷಯ ತಿಳಿದವಳು ನಾನು ಎಂಬ ಜಂಭ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಒಮ್ಮೆ ವಿದ್ಯಾರ್ಥಿಗಳಿಗೆ ಪೆಟ್ಟಿಗೆ ತೋರಿಸಲೆಂದು ಅವರನ್ನು ಕಾಲೇಜಿಗೆ ಕರೆಸಿದ್ದೆ. ಅದಕ್ಕೆ ಮೊದಲು ನನ್ನ ಕ್ಲಾಸು. ಕಾಕ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮುಂದೆ ಎರಡು ದಾರಿಗಳು ಎಲ್ಲಿಂದೆಲ್ಲಿಗೋ ಹೋಗುತ್ತವೆ, ಮಳೆ ಯಾವಾಗ ಎಂದು ತಿಂಗಳ ಮುಂಚೆ ಹೇಳಲಾಗದ್ದು ಇದರಿಂದಲೇ ಎಂದು ಬೋರ್ಡಿನ ತುಂಬ ಗೆರೆ ಎಳೆದು ವಿವರಿಸಿದೆ. ಕಾಕ ಕೈ ಎತ್ತಿದರು.

"ಸಣ್ಣದು ದೊಡ್ಡದಾಗುದು ಸರಿ ಟೀಚರೆ. ಆದ್ರೆ ದಿನಕ್ಕೆ ಸಾವಿರ ಸಣ್ಣ ಸಣ್ಣದು ಆಗ್ತಾ ಇರ್ತದೆ, ಹೆಚ್ಚಿನದು ಅಲ್ಲಿಗೇ ಮುಗೀತದೆ. ಯಾವುದು ದೊಡ್ಡದಾಗ್ತದೆ ಅಂತ ಮೊದಲೇ ಗೊತ್ತಾಗ್ತದಾ?"

"ಇಲ್ಲ ಕಾಕ. ಆದ ಮೇಲೆಯೇ ಗೊತ್ತಾಗುದು."

"ಹೋ, ಅಷ್ಟು ನನಗೂ ಗೊತ್ತುಂಟಲ್ಲಾ!"

ಇಡೀ ಕ್ಲಾಸು ಗೊಳ್ಳೆಂದಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಅವತ್ತೇ ಒಬ್ಬಳು ಹುಡುಗಿ, ಪೆಟ್ಟಿಗೆಯಲ್ಲಿ ಯಾರು ಯಾವ ಕೆಲಸ ಮಾಡಬೇಕೆಂದು ರಾಣಿ ನೊಣ ಹೇಗೆ ಹೇಳುತ್ತದೆ ಎಂದು ಕೇಳಿದಳು. "ರಾಣಿ ಎಂತ ಹೇಳುದು? ಅದಕ್ಕೆ ಮೊಟ್ಟೆ ಇಡ್ಲಿಕ್ಕೇ ಪುರುಸೊತ್ತಿಲ್ಲ" ಎಂದರು. ಯಾರೂ ಹೇಳುವುದಿಲ್ಲ, ಪ್ರತಿಯೊಂದು ನೊಣವೂ ತನ್ನ ಮೂಗಿನ ಮುಂದಿರುವುದನ್ನು ನೋಡಿ ಮಾಡುತ್ತದೆ, ಒಟ್ಟಾಗಿ ಅದು ಒಂದು ಸಂಸಾರವಾಗುತ್ತದೆ. ಇದನ್ನು ಹೇಳಲು ನನಗೆ ಇಡೀ ಒಂದು ಅಧ್ಯಾಯ ಬೇಕು. ಇನ್ನೊಮ್ಮೆ, ನಮ್ಮ ಮೀಟಿಂಗಿನ ದಿನ, ಗೇಟಿನ ಹತ್ತಿರದ ಪೇರಳೆ ಮರದಲ್ಲಿ ಹಳೆ ಪೆಟ್ಟಿಗೆಯಿಂದ ಪಾಲಾಗಿ ಹೊರಟ ಜೇನಿನ ಹಿಂಡು ನೇತಾಡುತ್ತಿತ್ತು. ಹೊಸ ಮನೆ ಹುಡುಕಿ ಬಂದ ನೊಣಗಳು ಹಿಂಡಿನ ಮೇಲೆ ಕುಣಿದು ಸುದ್ದಿ ಹೇಳುತ್ತಿದ್ದವು. ಕಾಕ ನಮ್ಮ ಅಧ್ಯಕ್ಷರನ್ನು ಕರೆದು ತೋರಿಸಿದರು: "ನೋಡಿ, ಮೀಟಿಂಗ್ ನಡೀತಾ ಉಂಟು. ಇವುಗಳಿಗೆ ಅಧ್ಯಕ್ಷರಿಲ್ಲ. ಹಾಗಾಗಿ ಇವತ್ತೇ ಮುಗೀತದೆ." ಅಧ್ಯಕ್ಷರು ಮಾತು ಶುರುಮಾಡಿದರೆ ನಿಲ್ಲಿಸುವವರಲ್ಲ. ಅವರೂ ನಕ್ಕರು.

ಇನ್ನೊಂದು ಮಾತು ಹೇಳಲೇಬೇಕು. ಬೇಸಗೆಯ ಒಂದು ಮಧ್ಯಾಹ್ನ ಪೆಟ್ಟಿಗೆಯ ಬಾಗಿಲಲ್ಲಿ ನಾಲ್ಕೈದು ನೊಣ ರೆಕ್ಕೆ ಬೀಸಿ ಒಳಗೆ ಗಾಳಿ ಹಾಕುತ್ತಿದ್ದವು. ಸೆಕೆ ಏರಿದಂತೆ ಹತ್ತಾಯಿತು, ಇಪ್ಪತ್ತಾಯಿತು. "ಎಲ್ಲಕ್ಕೂ ಒಟ್ಟಿಗೆ ಸೆಕೆ ಆಗುದಿಲ್ಲ ಟೀಚರೆ" ಎಂದರು ಕಾಕ. "ಒಟ್ಟಿಗೆ ಆದ್ರೆ ಒಟ್ಟಿಗೆ ಬೀಸಿ, ಒಟ್ಟಿಗೆ ನಿಲ್ಸಿ, ಪೆಟ್ಟಿಗೆ ಒಮ್ಮೆ ಚಳಿ ಒಮ್ಮೆ ಬೆಂಕಿ. ಒಂದೊಂದು ನೊಣದ ಗುಣ ಒಂದೊಂದು. ಹಾಗೆ ಇರುದಕ್ಕೇ ಮನೆ ನಡೀತದೆ." ಅದನ್ನು ನಾನು ಮರುದಿನವೇ ಕ್ಲಾಸಿನಲ್ಲಿ ನನ್ನ ಮಾತಿನಂತೆ ಹೇಳಿದೆ.

ಈಗ ನನ್ನ ಪಟ್ಟಿಯ ಕಥೆ. ಪೆಟ್ಟಿಗೆಯೊಳಗೆ ನೊಣಗಳು ಕಟ್ಟುವ ಮೇಣದ ಹಲ್ಲೆಯೇ ಎರಿ; ಮೊಟ್ಟೆ, ಹುಳು, ಮರಿ ತುಂಬಿದ ಎರಿಗೆ ನಾವು ಮರಿ ಎರಿ ಎನ್ನುತ್ತೇವೆ. ಬಲವಾದ ಪೆಟ್ಟಿಗೆಯಿಂದ ಅಂಥ ಒಂದು ಎರಿ ತೆಗೆದು ಸೊರಗಿದ ಪೆಟ್ಟಿಗೆಗೆ ಕೊಟ್ಟರೆ, ಅದರಿಂದ ಹೊರಬರುವ ನೊಣಗಳು ಆ ಕುಟುಂಬವನ್ನು ಎತ್ತಿ ನಿಲ್ಲಿಸುತ್ತವೆ. ನೆರೆಮನೆಗೆ ಮೊಸರಿನ ಹೆಪ್ಪು ಕೊಟ್ಟ ಹಾಗೆ, ನಮ್ಮಲ್ಲಿ ಇದು ಮೊದಲಿನಿಂದ ಇದ್ದ ಉಪಕಾರ. ಕೊಡುವವರು ಹತ್ತಿರದವರಿಗೆ ಮಾತ್ರ ಕೊಡುತ್ತಿದ್ದರು. ನಾನು ಇದನ್ನು ವ್ಯವಸ್ಥೆ ಮಾಡಿದೆ. ಭಾನುವಾರ ಬೆಳಿಗ್ಗೆ ಎಲ್ಲರೂ ವಾಟ್ಸಾಪಿನಲ್ಲಿ ತಮ್ಮ ಪೆಟ್ಟಿಗೆಗಳ ಸ್ಥಿತಿ ತಿಳಿಸುವುದು, ನಾನು ಯಾರಿಂದ ಯಾರಿಗೆ ಎಂದು ಪಟ್ಟಿ ಮಾಡುವುದು, ಸಂಜೆಯೊಳಗೆ ಎರಿಗಳು ಬೈಕಿನಲ್ಲಿ ಸುಳ್ಯದಿಂದ ಪುತ್ತೂರಿಗೆ, ಪುತ್ತೂರಿನಿಂದ ಕಡಬಕ್ಕೆ ಹೋಗುವುದು. ಎರಡು ವರ್ಷ ಅದು ಎಷ್ಟು ಚಂದ ನಡೆಯಿತೆಂದರೆ, ಒಂದು ವಿಚಾರ ಸಂಕಿರಣಕ್ಕೆ ಹೋಗಿ ಚಿತ್ರ ಸಮೇತ ಭಾಷಣವನ್ನೂ ಮಾಡಿ ಬಂದೆ.

ಕಾಕ ಅಂಗಡಿಯ ಹಿಂದಿನ ಪೆಟ್ಟಿಗೆಗಳಿಂದ ಕೇಳಿದಷ್ಟು ಎರಿ ಕೊಡುತ್ತಿದ್ದರು. ಆದರೆ ಗುಂಡ್ಯದ ದಾರಿಯಲ್ಲಿ ಅವರ ಅಕ್ಕನ ಮನೆ ಇತ್ತು. ಅದರ ಹಿಂದಿನ ಗುಡ್ಡೆಯಲ್ಲಿ ಅವರದೇ ಇನ್ನೂ ಒಂಬತ್ತು ಪೆಟ್ಟಿಗೆ. ಅವುಗಳಿಂದ ಎರಿ ಕೊಡುವುದೂ ಇಲ್ಲ, ಅವುಗಳಿಗೆ ತರುವುದೂ ಇಲ್ಲ. ಮೀಟಿಂಗಿನಲ್ಲಿ ಇದು ದೊಡ್ಡ ಮಾತಾಯಿತು. ನಾನೇ ಎದ್ದು, "ಕಾಕ, ನಿಮಗೊಬ್ಬರಿಗೆ ಬೇರೆ ಕಾನೂನಾ?" ಎಂದು ಕೇಳಿದೆ. "ಒಂಬತ್ತು ಬದಿಗಿರಲಿ ಟೀಚರೆ" ಎಂದರು. ಜಿಪುಣ ಎಂದು ಹಿಂದಿನಿಂದ ಯಾರೋ ಹೇಳಿದ್ದು ಅವರಿಗೂ ಕೇಳಿಸಿತು.

ಮೀಟಿಂಗ್ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಹೇಳಿದರು: "ಗಲ್ಫಲ್ಲಿ ನನ್ನ ಗೋದಾಮಿಗೆ ಮಧ್ಯ ಮಧ್ಯ ಗೋಡೆ ಇತ್ತು. ಸಾಮಾನು ಸಾಗಿಸುವ ಗಾಡಿ ಸುತ್ತು ಹಾಕಿ ಬರ್ಬೇಕು. ಒಬ್ಬ ಮ್ಯಾನೇಜರ್ ಬಂದ, ತುಂಬ ಕಲಿತವ. ಗೋಡೆ ಎಲ್ಲ ತೆಗೆಸಿದ. ಕೆಲಸ ಎಷ್ಟು ಬೇಗ ಆಗ್ತಿತ್ತು ಗೊತ್ತುಂಟಾ? ನಮಗೆಲ್ಲ ಖುಷಿಯೋ ಖುಷಿ. ಮತ್ತೊಂದು ದಿನ ಮೂಲೆಯಲ್ಲಿ ಬೆಂಕಿ ಹಿಡೀತು. ಗೋಡೆ ಇದ್ದಿದ್ರೆ ಒಂದೇ ಕೋಣೆ ಹೋಗ್ತಿತ್ತು."

"ತುಂಬ ಕಲಿತವ ಅಂದದ್ದು ನನಗಾ?" ಎಂದೆ.

"ಛೆ ಛೆ, ಅವ ಗಂಡಸು" ಎಂದು ನಕ್ಕು ಬಸ್ಸು ಹತ್ತಿದರು.

ಅದೇ ವರ್ಷ ಮಳೆ ಕಡಿಮೆಯಾಗುತ್ತಿದ್ದ ಹೊತ್ತಿಗೆ ಅವರಿಗೆ ಎದೆನೋವು ಬಂತು. ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿಸಿದರು. ನೋಡಲು ಹೋದವಳಿಗೆ ಅವರು ಹೇಳಿದ್ದು ಒಂದೇ ಕೆಲಸ. "ಒಂಬತ್ತನ್ನು ಒಮ್ಮೆ ನೋಡಿ ಬನ್ನಿ ಟೀಚರೆ. ಬಾಗಿಲಲ್ಲಿ ನೊಣ ಬಂದು ಹೋಗುದು ನೋಡಿದ್ರೆ ಸಾಕು. ಮುಚ್ಚಳ ತೆಗೀಲಿಕ್ಕಿಲ್ಲ."

ಶನಿವಾರ ಹೋದೆ. ಎಂಟು ಪೆಟ್ಟಿಗೆಯಲ್ಲಿ ನೊಣ ಜೋರಾಗಿ ಬಂದು ಹೋಗುತ್ತಿತ್ತು. ಮೂರನೆಯದರ ಬಾಗಿಲು ಮಾತ್ರ ಬಿಕೋ ಎನ್ನುತ್ತಿತ್ತು. ಮುಚ್ಚಳ ತೆಗೆದೆ. ಎರಡೇ ಎರಿಯ ಮೇಲೆ ನಾಲ್ಕು ನೊಣ. ಅಯ್ಯೋ ಪಾಪ ಅನಿಸಿತು. ಕಾಕ ಗುಣವಾಗಿ ಬಂದು ನೋಡುವಾಗ ಇದು ತುಂಬಿರಬೇಕು ಅನಿಸಿತು. ಮರುದಿನ ನನ್ನ ಮನೆಯ ಅತ್ಯಂತ ಒಳ್ಳೆಯ ಪೆಟ್ಟಿಗೆಯಿಂದ ಒಂದು ಮರಿ ಎರಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಆ ಮೂರನೆಯದಕ್ಕೆ ಹಾಕಿದೆ. ಹಾಡು ಗುನುಗುತ್ತ ಮನೆಗೆ ಬಂದೆ.

ಹನ್ನೆರಡು ದಿನದ ಮೇಲೆ ನನ್ನ ಆ ಒಳ್ಳೆಯ ಪೆಟ್ಟಿಗೆಯನ್ನು ತೆರೆದಾಗ ಮರಿಗಳು ಗೂಡಿನಲ್ಲಿ ಉದ್ದಕ್ಕೆ ಬಿದ್ದುಕೊಂಡಿದ್ದವು. ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದ ಹಾಗೆ ಬಂತು. ಮರಿಗಳನ್ನು ಕೊಲ್ಲುವ ಈ ರೋಗವನ್ನು ನಾವೆಲ್ಲ ತರಬೇತಿಯ ಚಿತ್ರಗಳಲ್ಲಿ ನೋಡಿದ್ದೆವು. ಅದಕ್ಕೆ ಔಷಧವಿಲ್ಲ. ಆ ಭಾನುವಾರ ವಾಟ್ಸಾಪಿನಲ್ಲಿ ಆರು ಮನೆಯಿಂದ ಅದೇ ಸುದ್ದಿ, ಮುಂದಿನ ವಾರ ಹದಿನೇಳು. ನನ್ನ ಪಟ್ಟಿ ಎರಿಯನ್ನು ಎಷ್ಟು ಚುರುಕಾಗಿ ತಲುಪಿಸಿತ್ತೋ ರೋಗವನ್ನೂ ಅಷ್ಟೇ ಚುರುಕಾಗಿ ತಲುಪಿಸಿತ್ತು. ಎರಡು ತಿಂಗಳಲ್ಲಿ ನಲವತ್ತೆರಡು ಮನೆಯ ಪೆಟ್ಟಿಗೆಗಳು ಖಾಲಿ. ಕಾಕನ ಅಂಗಡಿಯ ಹಿಂದಿನವೂ ಹೋದವು. ಮೊಬೈಲ್ ಟವರಿನಿಂದ ಎಂದರು, ರಬ್ಬರಿಗೆ ಹೊಡೆದ ಔಷಧದಿಂದ ಎಂದರು. ಪಟ್ಟಿಯ ಹೆಸರು ಯಾರೂ ಎತ್ತಲಿಲ್ಲ, ಯಾಕೆಂದರೆ ಒಪ್ಪಿದ್ದು ಎಲ್ಲರೂ.

ಆದರೆ ನಾನು ಹೇಳಬೇಕಾದ್ದು ಮೊದಲ ದಿನದ್ದು. ಆ ನೀರಿನ ಚೀಲ ಕೈಯಲ್ಲಿ ಹಿಡಿದಾಗಲೇ ನನಗೆ ಗುಂಡ್ಯದ ದಾರಿಯ ಮೂರನೆಯ ಪೆಟ್ಟಿಗೆ ನೆನಪಾಯಿತು. ಈ ಮೂರು ತಾಲೂಕಿನಲ್ಲಿ ರೋಗ ಮುಟ್ಟದೆ ಉಳಿಯಬಹುದಾಗಿದ್ದ ಒಂಬತ್ತು ಕುಟುಂಬಗಳ ನಡುವೆ ಅದನ್ನು ನನ್ನ ಕೈಯಾರೆ ತಂದಿಟ್ಟಿದ್ದೆ. ಅವೂ ಹೋದರೆ ನಮ್ಮಲ್ಲಿ ಯಾರಿಗೂ ಪುನಃ ಶುರುಮಾಡಲು ಒಂದು ನೊಣವೂ ಇಲ್ಲ. ತಕ್ಷಣ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಹೃದಯದ ಕಾಯಿಲೆಯವರು, ಹೇಳಿದರೆ ಏನಾಗುತ್ತದೋ ಎಂದು ನೆಪ ಹುಡುಕಿ ಒಂದು ಇಡೀ ದಿನ ಕಳೆದೆ. ನಿಜವಾಗಿ ನನಗಿದ್ದದ್ದು ಮುಖ ತೋರಿಸುವ ಹೆದರಿಕೆ.

ಮರುದಿನ ಫೋನು ಮಾಡಿ ಹೇಳಿದೆ. ಆಗ ಅವರು ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನವಾಗಿತ್ತು.

"ಯಾವ ಪೆಟ್ಟಿಗೆ?"

"ಮೂರನೇದು ಕಾಕ. ನೀವು ಬೇಡ ಅಂದದ್ದು ಗೊತ್ತಿದ್ದೂ ತೆಗ್ದೆ."

"ಎರಿ ಹಾಕಿ ಎಷ್ಟು ದಿನ ಆಯ್ತು?"

"ಹದಿಮೂರು. ನನ್ನಲ್ಲಿ ರೋಗ ಕಂಡದ್ದು ನಿನ್ನೆ."

"ಕಾರು ತಕ್ಕೊಂಡು ಬನ್ನಿ. ಬರುವಾಗ ಒಂದು ಲೀಟರ್ ಡೀಸೆಲ್ ತನ್ನಿ" ಎಂದರು.

ಒಂದು ತಿಂಗಳು ಏರು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅವರ ಅಕ್ಕ ದಾರಿಗೆ ಅಡ್ಡ ನಿಂತು ತಮ್ಮ ಭಾಷೆಯಲ್ಲಿ ಬೈದರು. ನನಗೆ ಅರ್ಥವಾಗಬೇಕೆಂದು ಕನ್ನಡದಲ್ಲೂ ಬೈದರು. ಕಾಕ ಹತ್ತು ಹೆಜ್ಜೆಗೊಮ್ಮೆ ಕಲ್ಲಿನ ಮೇಲೆ ಕೂತು, ಬೆವರು ಒರೆಸಿ, ಮತ್ತೆ ಹತ್ತಿದರು. ಸಂಜೆ ನೊಣಗಳೆಲ್ಲ ಒಳಗೆ ಬರುವವರೆಗೆ ಕಾದು ಮೂರನೆಯ ಪೆಟ್ಟಿಗೆಯ ಬಾಗಿಲಿಗೆ ಒದ್ದೆ ಬಟ್ಟೆ ತುರುಕಿದರು. ಉಳಿದ ಪೆಟ್ಟಿಗೆಗಳ ಹತ್ತಿರ ನನ್ನನ್ನು ಬಿಡಲಿಲ್ಲ. "ನಿಮ್ಮ ಕೈ, ನಿಮ್ಮ ಸೀರೆ, ಎರಡೂ ಬೇಡ" ಎಂದರು. ನಾನು ಪೆಟ್ಟಿಗೆ ಹೊತ್ತು ಗುಡ್ಡೆಯ ಆಚೆ ಇಳಿಸಿದೆ, ಗುಂಡಿಯನ್ನೂ ನಾನೇ ತೋಡಿದೆ. ಆ ಪೆಟ್ಟಿಗೆಗೆ ಮಾತ್ರ ಅವರು ಕಿವಿ ಇಟ್ಟು ಕೇಳಲಿಲ್ಲ. ಡೀಸೆಲ್ ಹೊಯ್ದು ಕಡ್ಡಿ ಗೀರಿದರು. ನಾನು ಅಳತೊಡಗಿದೆ.

"ಅಳುದು ಮತ್ತೆ. ಮೊದಲು ಮಣ್ಣು ಮುಚ್ಚಿ" ಎಂದರು.

ವಾಪಸ್ ಬರುವಾಗ ಕಾರಿನಲ್ಲಿ ಅವರೇ ಮಾತು ತೆಗೆದರು. "ನಿಮ್ಮ ಪಟ್ಟಿ ಒಳ್ಳೆದಿತ್ತು ಟೀಚರೆ. ತುಂಬ ಒಳ್ಳೆದಿತ್ತು, ಅದೇ ತೊಂದರೆ. ಇವತ್ತು ನೀವು ಹೇಳಿದ್ದೂ ಒಳ್ಳೆದಾಯ್ತು. ನಿನ್ನೆಯೇ ಹೇಳಿದ್ರೆ ಇನ್ನೂ ಒಳ್ಳೆದಿತ್ತು." ಇಷ್ಟೇ ಅವರು ನನ್ನನ್ನು ಬೈದದ್ದು.

ಹತ್ತು ದಿನದಲ್ಲಿ ನಾಲ್ಕನೆಯ ಪೆಟ್ಟಿಗೆಗೂ ರೋಗ ಕಂಡಿತು. ಅದನ್ನು ಅವರೊಬ್ಬರೇ ಹೋಗಿ ಸುಟ್ಟರು. ನಾನು ಸುಮ್ಮನೆ ಕಳೆದ ಆ ಒಂದು ದಿನದಲ್ಲಿ ರೋಗ ಮೂರರಿಂದ ನಾಲ್ಕಕ್ಕೆ ದಾಟಿತೋ, ಮೊದಲೇ ದಾಟಿತ್ತೋ, ಯಾವ ಸಮೀಕರಣದಿಂದಲೂ ಹೇಳಲಾಗುವುದಿಲ್ಲ. ನಾನು ಬಿಡಿಸಿ ನೋಡಿದ್ದೇನೆ.

ಏಳು ಉಳಿದವು. ಎಲ್ಲರೂ ಅವರ ಅಂಗಡಿಗೆ ಬಂದು ಕೈ ಒಡ್ಡಿದರೂ ಕಾಕ ಒಂದು ವರ್ಷ ಯಾರಿಗೂ ಒಂದು ಎರಿಯನ್ನೂ ಕೊಡಲಿಲ್ಲ. ರೋಗ ಇಲ್ಲವೆಂದು ಖಾತ್ರಿಯಾಗಬೇಕಿತ್ತು. ಆಗಲೂ ಜಿಪುಣ ಎನ್ನಿಸಿಕೊಂಡರು. ಆಮೇಲೆ ಏಳನ್ನು ಪಾಲು ಮಾಡುತ್ತ, ಬೆಳೆಸುತ್ತ, ಮನೆಮನೆಗೆ ಒಂದೊಂದು ಕುಟುಂಬವನ್ನು ಪುಕ್ಕಟೆ ಕೊಟ್ಟರು. ಹೊಸ ಪಟ್ಟಿಯನ್ನು ನಾವಿಬ್ಬರೂ ಕೂತು ಮಾಡಿದೆವು. ಐದಾರು ಮನೆಗಳ ಸಣ್ಣ ಸಣ್ಣ ತಂಡ. ಎರಿ ತಂಡದ ಒಳಗೆ ಮಾತ್ರ ಕೊಡಬಹುದು. ನಾನು ಹೆದರಿ, ಎಲ್ಲರೂ ಪೂರ್ತಿ ಬೇರೆ ಬೇರೆ ಇರಲಿ ಎಂದಿದ್ದೆ. "ಪೂರ ಮುಚ್ಚಿದ್ರೂ ಸಾಯ್ತದೆ. ರಾಣಿಗೆ ಹೊರಗಿನ ಗಂಡು ನೊಣ ಬೇಡ್ವಾ? ಗೋಡೆ ಬೇಕು, ಗೋಡೆಗೆ ಬಾಗಿಲೂ ಬೇಕು" ಎಂದರು. ಈಗ ನಾನು ಕ್ಲಾಸಿನಲ್ಲಿ ಇದನ್ನು ಅವರ ಮಾತೆಂದೇ ಹೇಳುತ್ತೇನೆ.

ಆ ಏಳು ಪೆಟ್ಟಿಗೆಯ ಸುದ್ದಿಯನ್ನು ಮೀಟಿಂಗಿನಲ್ಲಿ ಮೊದಲ ಸಲ ಹೇಳಿದ ದಿನ ಅಧ್ಯಕ್ಷರು ಕೇಳಿದರು: "ಒಂಬತ್ತಿತ್ತಲ್ಲ ಕಾಕ, ಇನ್ನೆರಡು ಎಂತಾಯ್ತು?"

ಕಾಕ ನನ್ನ ಕಡೆ ನೋಡಲೂ ಇಲ್ಲ. "ಇರುವೆಗೆ ಹೋಯ್ತು ಮಾರಾಯ್ರೆ. ಆಸ್ಪತ್ರೆಯ ಗಲಾಟೆಯಲ್ಲಿ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡ್ಲಿಕ್ಕೆ ಮರೆತೇ ಹೋಯ್ತು."

ಜೇನು ಸಾಕುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ತರಬೇತಿಯ ಮೊದಲ ದಿನ ಕಲಿಸುವುದೇ ಇರುವೆ ಹತ್ತದಂತೆ ಇಡುವ ಆ ನೀರಿನ ಬಟ್ಟಲು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ತಲೆ ತಗ್ಗಿಸಿ ನಡಾವಳಿ ಪುಸ್ತಕದಲ್ಲಿ 'ಇರುವೆ ಕಾಟದಿಂದ ಎರಡು ಕುಟುಂಬ ನಷ್ಟ' ಎಂದು ಬರೆದೆ.

ಹೊರಗೆ ಬಂದು, "ಯಾಕೆ ಕಾಕ ಹಾಗೆ ಹೇಳಿದ್ದು?" ಎಂದೆ.

"ನಿಜ ಹೇಳಿದ್ರೆ ನೀವು ಕಾರ್ಯದರ್ಶಿ ಬಿಟ್ಟು ಹೋಗ್ತೀರಿ. ಹೊಸ ಪಟ್ಟಿ ಮಾಡ್ಲಿಕ್ಕೆ ನನಗೆ ಬರುದಿಲ್ಲ."

"ಒಂದು ದಿನ ನಾನೇ ಹೇಳ್ತೇನೆ."

"ಹೇಳಿ. ಯಾರು ಬೇಡ ಅಂದದ್ದು?"

ಅದಾಗಿ ನಾಲ್ಕು ವರ್ಷ. ಪ್ರತಿ ವಾರ್ಷಿಕ ಸಭೆಯಲ್ಲೂ ಇರುವೆಯ ತಮಾಷೆ ಇರುತ್ತಿತ್ತು. ಒಂದು ವರ್ಷ ಇರುವೆ ಪುಡಿಯ ಡಬ್ಬಕ್ಕೆ ರಿಬ್ಬನ್ ಕಟ್ಟಿ, ಶಾಲು ಹೊದೆಸಿ ಅವರಿಗೆ ಬಹುಮಾನ ಕೊಟ್ಟರು. ಕಾಕ ಎದ್ದು ನಿಂತು ಎರಡೂ ಕೈಯಿಂದ ತೆಗೆದುಕೊಂಡರು. ಹೇಳುತ್ತೇನೆಂದ ನಾನು ಪ್ರತಿ ವರ್ಷ ಮುಂದಿನ ವರ್ಷ ಎಂದುಕೊಂಡೆ. ಮುಂದಿನ ವರ್ಷ ಅವರೇ ಇರಲಿಲ್ಲ.

ಕಳೆದ ಭಾನುವಾರ ಪುತ್ತೂರಿನಲ್ಲಿ ಶ್ರದ್ಧಾಂಜಲಿ ಸಭೆ. ಅಧ್ಯಕ್ಷರು ಮಾತಾಡಿದರು, ಕಣ್ಣೊರೆಸಿಕೊಂಡರು, ಕೊನೆಗೆ ಎಲ್ಲರ ಮನಸ್ಸು ಹಗುರವಾಗಲಿ ಎಂದು, "ಅಷ್ಟು ದೊಡ್ಡ ಜೇನಿನ ಮನುಷ್ಯನನ್ನೂ ಇರುವೆ ಬಿಡ್ಲಿಲ್ಲ ನೋಡಿ" ಎಂದರು. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ನಾನು ಎದ್ದು ನಿಂತೆ.

"ಇರುವೆ ಅಲ್ಲ. ಆ ಎರಡು ಪೆಟ್ಟಿಗೆಗೆ ರೋಗ ಹಚ್ಚಿದ್ದು ನಾನು" ಎಂದು ಎಲ್ಲವನ್ನೂ ಹೇಳಿದೆ. ಮುಚ್ಚಳ ತೆಗೆದದ್ದು, ಎರಿ ಹಾಕಿದ್ದು, ಒಂದು ದಿನ ಸುಮ್ಮನಿದ್ದದ್ದು, 'ಇರುವೆ' ಎಂದು ನನ್ನ ಕೈಯಲ್ಲೇ ಬರೆದದ್ದು.

ಮಾತು ನಿಲ್ಲಿಸಲು ಬಾರದ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು.

"ಅಲ್ಲ ಟೀಚರೆ, ಆ ಇರುವೆ ಪುಡಿಯ ಡಬ್ಬ ಕೊಟ್ಟು ನಾವೆಲ್ಲ ನಗಾಡಿದೆವಲ್ಲ, ಆಗ ನೀವು ಎಂತ ಮಾಡಿದ್ರಿ?"

"ನಾನೂ ನಗಾಡಿದೆ" ಎಂದೆ.